ಚರ್ಮವೂ ಒಂದು ಅಮಾನತ್ತು

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 80ನೆಯ ಸೂಕ್ತದಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ಎಣಿಸುತ್ತಾ ಮೊದಲು ಮನುಷ್ಯನಿಗೆ ನೆಮ್ಮದಿಯ ತಾಣವಾಗಿ ದೊರೆತ ಮನೆಯನ್ನು ನೆನಪಿಸುತ್ತಾನೆ. ಅದರ ಬೆನ್ನಿಗೇ, ಪ್ರಯಾಣದಲ್ಲಿಯೂ ತಂಗಿದಲ್ಲಿಯೂ ಹಗುರವಾಗಿ ಒಯ್ಯಬಹುದಾದ, ಜಾನುವಾರುಗಳ ಚರ್ಮದಿಂದಾದ ಡೇರೆಗಳನ್ನು ನೆನಪಿಸುತ್ತಾನೆ. ಆ ಬಳಿಕ ಉಣ್ಣೆ, ತುಪ್ಪಳ ಮತ್ತು ಕೂದಲಿನಿಂದಾಗುವ ಗೃಹೋಪಯೋಗಿ ವಸ್ತುಗಳ ಪ್ರಸ್ತಾಪ ಬರುತ್ತದೆ. ಈ ಸೂಕ್ತವನ್ನು ಪಾರಾಯಣ ಮಾಡುವಾಗ ನಾವು ಮನೆಯೆಂಬ ಪದದ ಬಳಿ ಒಂದು ಕ್ಷಣ ನಿಲ್ಲುತ್ತೇವೆ. ಚರ್ಮವೆಂಬ ಪದವನ್ನು ದಾಟಿ ಮುಂದೆ ಹೋಗುತ್ತೇವೆ. ಆದರೆ ಅನುಗ್ರಹವೆಂದು ಅಲ್ಲಾಹನೇ ಹೆಸರಿಸಿದ ವಸ್ತುವನ್ನು ಅರಿಯುವುದೂ ಕೃತಜ್ಞತೆಯ ಒಂದು ಭಾಗವಲ್ಲವೇ?

ನಮ್ಮೂರು ಚೊಳಚಗುಡ್ಡ. ಪುಷ್ಯ ಮಾಸದಲ್ಲಿ ಇಲ್ಲಿ ಬನಶಂಕರಿ ಜಾತ್ರೆ ನೆರೆದಾಗ, ನಾಟಕ ಕಂಪನಿಗಳ ಡೇರೆಗಳ ಜೊತೆಗೆ ಸಾಲುಸಾಲು ಅಂಗಡಿಗಳು ಏಳುತ್ತವೆ. ಬಾಗಿಲು ಚೌಕಟ್ಟುಗಳಿಂದ ಹಿಡಿದು ಬಳೆಗಳ ತನಕ ಎಲ್ಲವೂ ಅಲ್ಲಿ ಸಿಗುತ್ತದೆ. ಚಪ್ಪಲಿ, ಬೆಲ್ಟು, ಪರ್ಸುಗಳ ಅಂಗಡಿಗಳಲ್ಲಂತೂ ಎಲ್ಲೆಡೆ ಒಂದೇ ಕೂಗು: ‘ಪ್ಯೂರ್ ಲೆದರ್’. ಒಂದು ವರ್ಷ ಇಂತಹ ಅಂಗಡಿಯೊಂದರ ಮುಂದೆ ನನ್ನ ಮಗ ಬೆಲ್ಟೊಂದನ್ನು ಕೈಯಲ್ಲಿ ಹಿಡಿದು ಕೇಳಿದ: ‘ಅಬ್ಬಾ, ಇದು ಯಾವ ಪ್ರಾಣಿಯದು? ಇದನ್ನು ಕಟ್ಟಿಕೊಂಡು ನಮಾಝ್ ಮಾಡಬಹುದೇ?’ ಅಂಗಡಿಯವರು ನಕ್ಕರು. ನನಗೆ ಮಾತ್ರ ಅದು ನಗುವ ಪ್ರಶ್ನೆಯಾಗಿ ಕಾಣಲಿಲ್ಲ. ಮಾಂಸ ಖರೀದಿಸುವಾಗ ಹಲಾಲ್ ಹೌದೋ ಅಲ್ಲವೋ ಎಂದು ವಿಚಾರಿಸುವ ನಾವು, ಮೈಮೇಲೆ ಧರಿಸುವ ಚರ್ಮದ ಬಗ್ಗೆ ಏನನ್ನೂ ಕೇಳುವುದಿಲ್ಲ. ಕೇಳದಿರುವುದಕ್ಕೆ ಕಾರಣ ನಿರ್ಲಕ್ಷ್ಯ ಮಾತ್ರವಲ್ಲ. ಕೇಳಬೇಕಾದುದೇನು ಎಂಬುದೇ ನಮಗೆ ತಿಳಿದಿರುವುದಿಲ್ಲ.

ಮೊದಲು ಹಸಿ ತೊಗಲನ್ನು ಅರಿಯೋಣ. ಪ್ರಾಣಿಯ ಮೈಯಿಂದ ಸುಲಿದ ತೊಗಲು ಒದ್ದೆಯಾಗಿದ್ದರೆ ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ. ಒಣಗಿದರೆ ಹಲಗೆಯಂತೆ ಸೆಟೆಯುತ್ತದೆ. ಅದು ಕೊಳೆಯದಂತೆಯೂ ಸೆಟೆಯದಂತೆಯೂ ಮಾಡುವ ವಿದ್ಯೆಗೆ ‘ಹದ ಮಾಡುವುದು’ ಎಂದು ಹೆಸರು. ಅರಬಿಯಲ್ಲಿ ಅದು ‘ದಿಬಾಗತ್’. ಹದಗೊಂಡ ಬಳಿಕವೇ ತೊಗಲು ನಾವು ಬಳಸುವ ಚರ್ಮವೆನಿಸಿಕೊಳ್ಳುತ್ತದೆ.

ಹದ ಮಾಡದೆ ಬಳಸುವ ತೊಗಲೂ ಉಂಟು. ಡೊಳ್ಳು, ಹಲಗೆಗಳಿಗೆ ಬಿಗಿಯುವ ತೊಗಲು ಅಂತಹದು. ತೊಗಲುಗೊಂಬೆಯಾಟದವರು ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಒಣಗಿಸಿ, ಬಣ್ಣ ಹಚ್ಚುತ್ತಾರೆ. ಸುಣ್ಣದಲ್ಲಿ ನೆನೆಸಿ, ಚೌಕಟ್ಟಿಗೆ ಎಳೆದು ಕಟ್ಟಿ ಒಣಗಿಸಿದ ತೊಗಲೇ ಕಾಗದ ಬರುವ ಮೊದಲು ಜಗತ್ತಿನ ಅನೇಕ ಕಡೆ ಬರೆಯುವ ಹಾಳೆಯಾಗಿತ್ತು. ಖರ್ಜೂರದ ಗರಿಯ ದಿಂಡು, ಚಪ್ಪಟೆ ಕಲ್ಲುಗಳ ಜೊತೆಗೆ ಚರ್ಮದ ತುಂಡುಗಳ ಮೇಲೂ ಕುರ್‌ಆನಿನ ಸೂಕ್ತಗಳನ್ನು ಪ್ರವಾದಿಯವರ(ಸ) ಕಾಲದಲ್ಲಿ ಬರೆದಿಡಲಾಗಿತ್ತು. ನಾವು ಹೇಸಿ ದೂರ ಸರಿಸುವ ತೊಗಲಿಗೆ ಒಂದು ಕಾಲದಲ್ಲಿ ಅಲ್ಲಾಹನ ವಚನಗಳನ್ನು ಹೊರುವ ಭಾಗ್ಯ ಒದಗಿತ್ತು.

ಈಗ ಧರ್ಮದ ತೀರ್ಪನ್ನು ನೋಡೋಣ. ವಿಶ್ವಾಸಿಗಳ ಮಾತೆ ಮೈಮೂನಾರ(ರ) ವಿಮೋಚಿತ ದಾಸಿಗೆ ಸದಕಾದ ಆಡೊಂದು ದೊರೆತಿತ್ತು. ಅದು ಸತ್ತುಹೋಯಿತು. ದಾರಿಯಲ್ಲಿ ಅದನ್ನು ಕಂಡ ಪ್ರವಾದಿ ಮುಹಮ್ಮದರು(ಸ), ಇದರ ಚರ್ಮವನ್ನು ತೆಗೆದು ಹದ ಮಾಡಿ ಏಕೆ ಉಪಯೋಗಿಸಿಕೊಳ್ಳಲಿಲ್ಲವೆಂದು ವಿಚಾರಿಸಿದರು. ಅದು ಸತ್ತ ಪ್ರಾಣಿಯೆಂದು ಜನರು ಹೇಳಿದಾಗ, ನಿಷಿದ್ಧವಾಗಿರುವುದು ಅದನ್ನು ತಿನ್ನುವುದು ಮಾತ್ರವೆಂದು ತಿಳಿಸಿದರು. ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿ ಇಬ್ನು ಅಬ್ಬಾಸ್(ರ) ಅವರಿಂದ ವರದಿಯಾದ ಘಟನೆ ಇದು. ಹದ ಮಾಡಿದ ತೊಗಲು ಶುದ್ಧವಾಗುತ್ತದೆಂಬ ನಿಯಮವೂ ಅವರದೇ ವರದಿಯಿಂದ ಮುಸ್ಲಿಮ್‌ನಲ್ಲಿ ಬಂದಿದೆ.

ಈ ಬುನಾದಿಯ ಮೇಲೆ ಫಿಕ್‌ಹ್ ವಿದ್ವಾಂಸರು ವಿವರಗಳನ್ನು ಕಟ್ಟಿದ್ದಾರೆ. ನಮ್ಮ ಉತ್ತರ ಕರ್ನಾಟಕದ ಬಹುಪಾಲು ಕುಟುಂಬಗಳು ಅನುಸರಿಸುವ ಹನಫಿ ಮಝ್‌ಹಬ್‌ನ ಪ್ರಕಾರ, ಹಂದಿಯದೊಂದನ್ನು ಬಿಟ್ಟು ಉಳಿದ ಪ್ರಾಣಿಗಳ ತೊಗಲು ಹದದಿಂದ ಶುದ್ಧವಾಗುತ್ತದೆ. ಮನುಷ್ಯನ ಚರ್ಮದ ಬಳಕೆ ಅವನ ಗೌರವದ ಕಾರಣಕ್ಕೆ ನಿಷಿದ್ಧ. ಉಪ್ಪು ಹಚ್ಚಿ ಬಿಸಿಲಿಗೆ ಒಣಗಿಸಿ ಕೊಳೆಯುವ ತೇವವನ್ನು ತೆಗೆದರೂ ಹದವೆಂದೇ ಹನಫಿಗಳು ಪರಿಗಣಿಸುತ್ತಾರೆ. ಕರಾವಳಿಯ ಬ್ಯಾರಿ ಮತ್ತು ನವಾಯತ ಸಹೋದರರು ಅನುಸರಿಸುವ ಶಾಫಿಈ ಮಝ್‌ಹಬ್‌ನಲ್ಲಿ ಹಂದಿಯ ಜೊತೆಗೆ ನಾಯಿಯ ತೊಗಲೂ ಶುದ್ಧವಾಗುವುದಿಲ್ಲ. ಹದಕ್ಕೆ ತೊಗಟೆಯಂತಹ ಒಗರು ಪದಾರ್ಥದ ಬಳಕೆಯೂ ಬೇಕು. ಚಿರತೆ ಮುಂತಾದ ಕ್ರೂರಮೃಗಗಳ ಚರ್ಮವನ್ನು ಹಾಸಿಕೊಂಡು ಕೂರುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಚರ್ಮವಿರುವುದು ಉಪಯೋಗಕ್ಕೆ, ಗರ್ವದ ಪ್ರದರ್ಶನಕ್ಕಲ್ಲ ಎಂಬ ಪಾಠವನ್ನು ನಾನು ಅದರಿಂದ ಪಡೆದಿದ್ದೇನೆ.

ಇನ್ನು ಹದದ ಬಗೆಗಳು. ಹಳೆಯ ಬಗೆ ಗಿಡಮರಗಳ ತೊಗಟೆಯದು. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಕರಿಜಾಲಿಯ ತೊಗಟೆ, ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿಯ ತೊಗಟೆ, ಅಳಲೆಕಾಯಿ ಇವೆಲ್ಲ ಒಗರು ರಸವುಳ್ಳವು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುತ್ತಾರೆ. ಒಳಮೈಗೆ ಅಂಟಿದ ಮಾಂಸವನ್ನು ಹೆರೆಯುತ್ತಾರೆ. ಸುಣ್ಣವನ್ನು ತೊಳೆದು ತೊಗಟೆಯ ರಸದಲ್ಲಿ ಊರಲು ಬಿಡುತ್ತಾರೆ. ಕೊಲ್ಹಾಪುರಿ ಚಪ್ಪಲಿಯ ಸೀಮೆಯಲ್ಲಿ ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ತೊಗಟೆಯ ರಸ ತುಂಬಿ, ತೂಗುಹಾಕಿ ಹದ ಮಾಡುವ ಪದ್ಧತಿ ಇದೆ. ಈ ಕೆಲಸ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಹೀಗೆ ಹದಗೊಂಡ ಚರ್ಮ ಕಂದು ಬಣ್ಣದ್ದು, ಬಿಗಿಯಾದದ್ದು. ಅದು ಬೆವರನ್ನು ಹೀರುತ್ತದೆ. ಬಳಸಿದಷ್ಟೂ ಕಾಲಿನ ಆಕಾರಕ್ಕೆ ಒಗ್ಗಿ, ಬಣ್ಣ ಗಾಢವಾಗುತ್ತಾ ಹೋಗುತ್ತದೆ. ನೀರಿನಲ್ಲಿ ಬಹಳ ಹೊತ್ತು ನೆನೆದರೆ ಮಾತ್ರ ಕೆಡುತ್ತದೆ.

ಎರಡನೆಯ ಬಗೆ ಕ್ರೋಮಿಯಂ ಲವಣದ್ದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪು ಮತ್ತು ಅಮೆರಿಕಗಳಲ್ಲಿ ರೂಪುಗೊಂಡ ಈ ವಿಧಾನವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಮದ್ರಾಸಿನಲ್ಲಿ ಬಳಕೆಗೆ ತಂದರು. ವಾರಗಳ ಕೆಲಸ ಇದರಿಂದ ಒಂದೆರಡು ದಿನಕ್ಕೆ ಇಳಿಯಿತು. ಹದಗೊಂಡಾಗ ತೊಗಲು ತಿಳಿನೀಲಿಯಾಗುವುದರಿಂದ ಈ ವ್ಯಾಪಾರದಲ್ಲಿ ಅದಕ್ಕೆ ‘ವೆಟ್ ಬ್ಲೂ’ ಎಂಬ ಹೆಸರು. ಚರ್ಮ ಮೆತ್ತಗಿರುತ್ತದೆ, ತೆಳುವಾಗಿರುತ್ತದೆ, ನೀರನ್ನೂ ಬಿಸಿಯನ್ನೂ ಹೆಚ್ಚು ತಾಳುತ್ತದೆ. ಇಂದು ಜಗತ್ತಿನಲ್ಲಿ ತಯಾರಾಗುವ ಚರ್ಮದ ಬಹುಪಾಲು ಇದೇ. ಶುದ್ಧಿಯ ವಿಷಯದಲ್ಲಿ ಎರಡಕ್ಕೂ ಒಂದೇ ತೀರ್ಪು. ಕೊಳೆಯುವ ಗುಣವನ್ನು ಕಳೆಯುವುದೇ ಹದದ ಉದ್ದೇಶ. ಆದರೆ ನೀರಿನ ಹಕ್ಕು ಬೇರೆಯೇ ಇದೆ. ಚರ್ಮದ ಕಾರ್ಖಾನೆಗಳ ಹೊಲಸು ನೀರಿನಿಂದ ತಮಿಳುನಾಡಿನ ಪಾಲಾರ್ ನದಿ ಕೆಟ್ಟಾಗ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಕೆಡಿಸಿದವರೇ ಅದರ ವೆಚ್ಚವನ್ನು ಭರಿಸಬೇಕೆಂಬ ತತ್ವವನ್ನು ನ್ಯಾಯಾಲಯ 1996ರಲ್ಲಿ ಎತ್ತಿಹಿಡಿಯಿತು. ನಿಂತ ನೀರನ್ನು ಮಲಿನಗೊಳಿಸಬಾರದೆಂದು ಕಲಿತ ಸಮುದಾಯಕ್ಕೆ ಈ ತತ್ವ ಅಪರಿಚಿತವಾಗಬಾರದು.

ಪ್ರಾಣಿಯನ್ನು ಅನುಸರಿಸಿಯೂ ಚರ್ಮದ ಗುಣ ಬದಲಾಗುತ್ತದೆ. ಎಮ್ಮೆಯದು ದಪ್ಪ, ಒರಟು. ಚಪ್ಪಲಿಯ ಅಟ್ಟೆಗೆ ಯೋಗ್ಯ. ದನದ ಚರ್ಮದ ಮೇಲ್ಮೈ ಒತ್ತೊತ್ತಾಗಿಯೂ ಸಮನಾಗಿಯೂ ಇರುತ್ತದೆ. ಆಡಿನದು ತೆಳುವಾದರೂ ಗಟ್ಟಿ. ಅದರ ಮೇಲೆ ಸಣ್ಣ ಸಣ್ಣ ಕಾಳುಗಳಂತಹ ಉಬ್ಬುಗಳು ಕೈಗೆ ಹತ್ತುತ್ತವೆ. ಗ್ರಂಥಗಳ ರಕ್ಷಾಕವಚಕ್ಕೆ ಹೆಸರಾದ ‘ಮೊರಾಕೊ’ ಚರ್ಮ ಮೂಲತಃ ಆಡಿನದೇ. ಕುರಿಯದು ಬಹಳ ಮೃದು, ಆದರೆ ಅದರ ಎಳೆಗಳು ಸಡಿಲ. ಕೈಚೀಲ, ಜಾಕೆಟ್ಟು, ಬೂಟಿನ ಒಳಪದರಗಳಿಗೆ ಸಲ್ಲುತ್ತದೆ. ವುಝೂವಿನಲ್ಲಿ ಕಾಲು ತೊಳೆಯುವ ಬದಲು ಸವರಲು ಅನುಮತಿಯಿರುವ ಖುಫ್ಫ್‌ಗಳನ್ನೂ ಇಂತಹ ಮೃದು ಚರ್ಮದಿಂದಲೇ ಹೊಲಿಯುತ್ತಾರೆ. ಊರಲ್ಲಿರುವವನಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕನಿಗೆ ಮೂರು ಹಗಲು ಮೂರು ರಾತ್ರಿ ಈ ಅನುಮತಿಯಿದೆ. ಚಳಿಯಲ್ಲಿ ನಡುಗುವ ವೃದ್ಧರಿಗೆ ಚರ್ಮದ ಮೂಲಕ ದೊರೆತ ಕರುಣೆಯಿದು.

ಅಂಗಡಿಯ ಮಾತಿಗೆ ಬರೋಣ. ದಪ್ಪ ತೊಗಲನ್ನು ಯಂತ್ರದಿಂದ ಪದರಪದರವಾಗಿ ಸೀಳುತ್ತಾರೆ. ಕೂದಲಿದ್ದ ಮೇಲ್ಪದರದಲ್ಲಿ ಎಳೆಗಳು ಅತಿ ಒತ್ತಾಗಿರುವುದರಿಂದ ಅದೇ ಗಟ್ಟಿಮುಟ್ಟು. ಆ ಮೇಲ್ಮೈಯನ್ನು ಉಜ್ಜದೆ ಹಾಗೆಯೇ ಉಳಿಸಿದರೆ ಅದು ‘ಫುಲ್ ಗ್ರೇನ್’. ಪ್ರಾಣಿಯ ಗೀರು, ಉಣ್ಣಿ ಕಚ್ಚಿದ ಕಲೆಗಳು ಅದರಲ್ಲಿ ಕಾಣಬಹುದು. ಅವು ದೋಷವಲ್ಲ, ಸಾಚಾತನದ ಗುರುತು. ಕಲೆಗಳನ್ನು ಉಜ್ಜಿ ತೆಗೆದು, ಮೇಲೆ ಬಣ್ಣ ಬಳಿದು ನುಣುಪುಗೊಳಿಸಿದರೆ ಅದು ಎರಡನೆಯ ದರ್ಜೆ. ಕೆಳಗಿನ ಪದರ ‘ಸ್ಪ್ಲಿಟ್’. ಮಖಮಲ್ಲಿನಂತೆ ಜುಂಗು ಎಬ್ಬಿಸಿದ ‘ಸ್ವೀಡ್’ ಹೆಚ್ಚಾಗಿ ಇದರಿಂದಾಗುತ್ತದೆ. ‘ಜೆನ್ಯುಯಿನ್ ಲೆದರ್’ ಎಂಬ ಮುದ್ರೆ ಕಂಡು ಅನೇಕರು ಶ್ರೇಷ್ಠವೆಂದು ನಂಬುತ್ತಾರೆ. ಅದರ ಅರ್ಥ ಇಷ್ಟೇ: ವಸ್ತುವಿನಲ್ಲಿ ಚರ್ಮವಿದೆ. ಯಾವ ಪದರ, ಯಾವ ಪ್ರಾಣಿ ಎಂಬುದನ್ನು ಆ ಮುದ್ರೆ ಹೇಳುವುದಿಲ್ಲ. ಚೂರುಪಾರುಗಳನ್ನು ಪುಡಿಮಾಡಿ ಅಂಟು ಬೆರೆಸಿ ಹಾಳೆ ಮಾಡಿದರೆ ಅದು ‘ಬಾಂಡೆಡ್ ಲೆದರ್’. ಒಂದೆರಡು ವರ್ಷಗಳಲ್ಲಿ ಹೊಪ್ಪಳೆ ಏಳಬಹುದು. ನಾವು ರೆಕ್ಸಿನ್ ಎಂದು ಕರೆಯುವುದು ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪಿಸಿದ ವಸ್ತು; ಅದರಲ್ಲಿ ಚರ್ಮವೇ ಇಲ್ಲ.

ಇವುಗಳನ್ನು ಗುರುತಿಸುವುದು ಕಷ್ಟವಲ್ಲ. ಕತ್ತರಿಸಿದ ಅಂಚನ್ನು ನೋಡಿರಿ: ನಿಜವಾದ ಚರ್ಮದಲ್ಲಿ ಹೆಣೆದುಕೊಂಡ ಎಳೆಗಳು ಕಾಣುತ್ತವೆ, ರೆಕ್ಸಿನ್ನಿನಲ್ಲಿ ಬಟ್ಟೆಯ ನೇಯ್ಗೆ ಕಾಣುತ್ತದೆ. ಮಡಚಿರಿ: ಚರ್ಮದಲ್ಲಿ ಸಣ್ಣ ನಿರಿಗೆಗಳು ಮೂಡುತ್ತವೆ. ರಂಧ್ರಗಳನ್ನು ಗಮನಿಸಿರಿ: ಪ್ರಾಣಿಯ ಮೈಯಲ್ಲಿ ಅವು ಅಚ್ಚುಹೊಡೆದಂತೆ ಒಂದೇ ಸಮನಾಗಿರುವುದಿಲ್ಲ. ಹಂದಿಯ ಚರ್ಮಕ್ಕೆ ಒಂದು ವಿಶೇಷ ಗುರುತುಂಟು. ಅದರಲ್ಲಿ ಕೂದಲ ರಂಧ್ರಗಳು ಮೂರು ಮೂರರ ಗುಂಪಾಗಿ, ತ್ರಿಕೋನದಂತೆ ಕೂಡಿರುತ್ತವೆ. ಬೂಟುಗಳ ಒಳಪದರಕ್ಕೆ ಹಂದಿಯ ಚರ್ಮವನ್ನು ಬಳಸುವುದುಂಟು; ಆದ್ದರಿಂದ ವಿದೇಶದಿಂದ ಬಂದ ಬೂಟು, ಕೈಚೀಲಗಳನ್ನು ಕೊಳ್ಳುವಾಗ ಒಳಮೈಯನ್ನೂ ನೋಡಿರಿ, ಪಟ್ಟಿಯನ್ನೂ ಓದಿರಿ. ಹಾಗೆಂದು ಕಂಡದ್ದನ್ನೆಲ್ಲ ಶಂಕಿಸುವ ಗೀಳೂ ಬೇಡ. ವಸ್‌ವಾಸ್‌ಗೆ ಶರೀಅತ್ ಬಾಗಿಲು ತೆರೆದಿಲ್ಲ. ಮಗನಿಗೂ ನಾನು ಇದನ್ನೇ ಹೇಳಿದೆ: ದನ, ಎಮ್ಮೆ, ಆಡು, ಕುರಿ ಯಾವುದರದೇ ಆಗಿರಲಿ, ಹದ ಮಾಡಿದ ಚರ್ಮವನ್ನು ಧರಿಸಿ ನಮಾಝ್ ಮಾಡಬಹುದು. ಅಂಚು ತಿರುವಿ ನೋಡಿದಾಗ ಆ ಬೆಲ್ಟಿನ ಒಳಗೆ ಬಟ್ಟೆಯಿತ್ತು. ಅದು ಶುದ್ಧವೇನೋ ಹೌದು, ಚರ್ಮವಂತೂ ಅಲ್ಲ! ಇಲ್ಲಿ ಪ್ರಶ್ನೆ ನಜಸ್‌ನದಲ್ಲ, ವ್ಯಾಪಾರದ ಪ್ರಾಮಾಣಿಕತೆಯದು. ಒದ್ದೆ ಧಾನ್ಯವನ್ನು ಕೆಳಗೆ ಮುಚ್ಚಿಟ್ಟು ಒಣಗಿದ್ದನ್ನು ಮೇಲೆ ತೋರಿಸಿದ ವ್ಯಾಪಾರಿಯನ್ನು ಪ್ರವಾದಿವರ್ಯರು(ಸ) ಎಚ್ಚರಿಸಿದ ಘಟನೆ ನಮಗೆ ಗೊತ್ತು. ರೆಕ್ಸಿನ್ ಮಾರುವುದು ತಪ್ಪಲ್ಲ. ಅದನ್ನು ಚರ್ಮವೆಂದು ಮಾರುವುದು ತಪ್ಪು. ನಮ್ಮ ಯುವಕರಲ್ಲಿ ಅನೇಕರು ಸಂತೆ ಜಾತ್ರೆಗಳಲ್ಲಿ ಇದೇ ವ್ಯಾಪಾರ ಮಾಡುತ್ತಾರೆ. ಅವರಿಗೆ ಈ ಮಾತು ತಲುಪಲಿ.

ಚರ್ಮದ ಬಗೆಗಳನ್ನು ಅರಿತ ಮೇಲೆ ಅದನ್ನು ಮಾಡುವ ಕೈಗಳನ್ನು ಮರೆಯಲಾಗದು. ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿರುವಂತೆಯೇ ಕರ್ನಾಟಕದ ಬೆಳಗಾವಿ, ವಿಜಯಪುರ, ಧಾರವಾಡ ಮತ್ತು ನಮ್ಮ ಬಾಗಲಕೋಟೆ ಜಿಲ್ಲೆಗಳಿಗೂ ಸೇರಿದೆ. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳು ತೊಗಟೆಯಲ್ಲಿ ಹದಗೊಂಡ ಚರ್ಮವನ್ನು ಕತ್ತರಿಸಿ, ಚರ್ಮದ ದಾರದಿಂದಲೇ ಹೊಲಿದು ಚಪ್ಪಲಿ ಕಟ್ಟುತ್ತಾರೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿಯು ಮಿಲಾನ್ ನಗರದ ಪ್ರದರ್ಶನದಲ್ಲಿ ಅದೇ ಮಾದರಿಯ ಪಾದರಕ್ಷೆಗಳನ್ನು ಮೂಲದ ಹೆಸರು ಹೇಳದೆ ತೋರಿಸಿದಾಗ ದೊಡ್ಡ ಆಕ್ಷೇಪವೆದ್ದಿತು. ಬಳಿಕ ಕಂಪನಿಯು ಅವುಗಳ ಪ್ರೇರಣೆ ಭಾರತೀಯ ಕುಶಲಕರ್ಮಿಗಳದೆಂದು ಒಪ್ಪಿಕೊಂಡಿತು. ಮಿಲಾನ್‌ನಲ್ಲಿ ಬೆಲೆಬಾಳುವ ಆ ಕಸುಬನ್ನು ನಡೆಸುವವರಿಗೆ ನಮ್ಮ ಊರುಗಳಲ್ಲಿ ದೊರೆತ ಗೌರವ ಎಷ್ಟು?

ಹದ ಮಾಡುವವರನ್ನು ಶತಮಾನಗಳ ಕಾಲ ಊರ ಹೊರಗಿರಿಸಲಾಯಿತು. ಯೋಚಿಸಿ ನೋಡಿರಿ: ಹದವು ತೊಗಲನ್ನು ಶುದ್ಧಗೊಳಿಸುತ್ತದೆಂದು ನಮ್ಮ ಪ್ರವಾದಿ(ಸ) ಕಲಿಸಿದರು, ಸಮಾಜವಾದರೋ ಶುದ್ಧಗೊಳಿಸುವವನನ್ನೇ ಅಶುದ್ಧನೆಂದಿತು, ಅವನು ಮಾಡಿಕೊಟ್ಟ ಮೆಟ್ಟನ್ನು ಮಾತ್ರ ಹೆಮ್ಮೆಯಿಂದ ಮೆಟ್ಟಿತು. ಕೂಡಲಸಂಗಮವಿರುವ ನಮ್ಮ ಜಿಲ್ಲೆಗೆ ಈ ಅನ್ಯಾಯದ ವಿರುದ್ಧದ ದನಿಯೂ ಹೊಸದಲ್ಲ. ಹನ್ನೆರಡನೆಯ ಶತಮಾನದ ಬಸವಣ್ಣನವರ ಬಳಗದಲ್ಲಿ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯನಂತಹ ಚರ್ಮದ ಕಸುಬಿನವರು ಗೌರವದ ಸ್ಥಾನ ಪಡೆದಿದ್ದರು. ನಮ್ಮ ಚರಿತ್ರೆಯನ್ನಂತೂ ಕೇಳುವುದೇ ಬೇಡ. ಪ್ರವಾದಿವರ್ಯರು(ಸ) ತಮ್ಮ ಪಾದರಕ್ಷೆಗಳನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದೂ ಅವರ ಹಾಸಿಗೆಯು ಖರ್ಜೂರದ ನಾರು ತುಂಬಿದ ಚರ್ಮದ್ದಾಗಿತ್ತೆಂದೂ ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ವಿಶ್ವಾಸಿಗಳ ಮಾತೆ ಝೈನಬ್ ಬಿಂತ್ ಜಹ್‌ಶ್(ರ) ಸ್ವತಃ ತೊಗಲು ಹದ ಮಾಡಿ, ಹೊಲಿದು, ಬಂದ ಸಂಪಾದನೆಯನ್ನು ಬಡವರಿಗೆ ದಾನ ಮಾಡುತ್ತಿದ್ದರು. ಪ್ರವಾದಿವರ್ಯರ(ಸ) ಪತ್ನಿಯರಲ್ಲಿ ಮೊದಲು ಅವರನ್ನು ಸೇರುವವರು ‘ನೀಳ ಕೈಯವರು’ ಎಂಬ ಭವಿಷ್ಯವಾಣಿ ಸತ್ಯವಾದುದು ಇವರಲ್ಲೇ. ಅದು ದುಡಿದು ಕೊಡುವ ಕೈಯ ನೀಳವಾಗಿತ್ತು. ಸಂಬಂಧ ಕುದುರಿಸುವಾಗ ‘ಅವರು ಏನು ಕಸುಬಿನವರು?’ ಎಂದು ಮೂಗು ಮುರಿಯುವ ಅಭ್ಯಾಸ ನಮ್ಮ ಮನೆಗಳಲ್ಲಿಯೂ ಇದೆ. ಚರ್ಮ ಹದ ಮಾಡಿದ ಉಮ್ಮುಲ್ ಮುಅ್‌ಮಿನೀನರ ಮಕ್ಕಳೆನಿಸಿಕೊಂಡವರಿಗೆ ಆ ಅಭ್ಯಾಸ ಶೋಭಿಸುವುದೇ?

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಬಕ್ರೀದ್ ಸಮೀಪಿಸಿದಾಗ ಕೆರೂರು, ಅಮೀನಗಡದ ಕುರಿಸಂತೆಗಳಲ್ಲಿ ಟಗರು, ಹೋತಗಳಿಗೆ ಬೇಡಿಕೆ ಏರುತ್ತದೆ. ನಾವು ಹಲ್ಲು ನೋಡುತ್ತೇವೆ, ಕೊಂಬು ನೋಡುತ್ತೇವೆ, ಕುಂಟಿಲ್ಲವೆಂದು ಖಚಿತಪಡಿಸಿಕೊಳ್ಳುತ್ತೇವೆ. ಮಾಂಸವನ್ನು ನ್ಯಾಯವಾಗಿ ಹಂಚುತ್ತೇವೆ. ತೊಗಲು? ನಾನು ಬಾಲಕನಾಗಿದ್ದಾಗ ಹಬ್ಬದ ಮಧ್ಯಾಹ್ನವೇ ಅದನ್ನು ಕೊಳ್ಳುವವರು ಮನೆಬಾಗಿಲಿಗೆ ಬರುತ್ತಿದ್ದರು. ಆ ಹಣ ಮದರಸಾಗಳಿಗೆ, ಅನಾಥರಿಗೆ ತಲುಪುತ್ತಿತ್ತು. ಈಗ ಕೃತಕ ವಸ್ತುಗಳು ಮಾರುಕಟ್ಟೆಯನ್ನು ತುಂಬಿವೆ, ಕುರಿ ಆಡಿನ ಹಸಿ ತೊಗಲಿನ ಬೆಲೆ ಕುಸಿದಿದೆ, ಕೊಳ್ಳುವವರು ಬರುವುದಿಲ್ಲ. ಅನೇಕ ಊರುಗಳಲ್ಲಿ ತೊಗಲುಗಳು ಪ್ಲಾಸ್ಟಿಕ್ ಚೀಲಗಳಲ್ಲಿ ಕೊಳೆತು, ತಿಪ್ಪೆಗೋ ಹಳ್ಳಕ್ಕೋ ಬೀಳುತ್ತವೆ. ಅಲ್ಲಾಹನ ಹೆಸರಿನಲ್ಲಿ ಅರ್ಪಿಸಿದ ಪ್ರಾಣಿಯ ಒಂದು ಭಾಗ ನಾಯಿಗಳ ಬಾಯಲ್ಲಿ ಬೀದಿಗೆ ಬರುವುದನ್ನು ನೆರೆಯವರು ಮೂಗು ಮುಚ್ಚಿಕೊಂಡು ನೋಡುತ್ತಾರೆ.

ಹಜ್ಜತುಲ್ ವಿದಾದ ಸಂದರ್ಭದಲ್ಲಿ ಪ್ರವಾದಿವರ್ಯರು(ಸ) ಹಝ್ರತ್ ಅಲಿಯವರಿಗೆ(ರ) ಬಲಿಯ ಒಂಟೆಗಳ ಹೊಣೆ ವಹಿಸಿದಾಗ, ಮಾಂಸವನ್ನಷ್ಟೇ ಅಲ್ಲದೆ ಚರ್ಮವನ್ನೂ ಮೈಮೇಲಿನ ಹೊದಿಕೆಗಳನ್ನೂ ದಾನ ಮಾಡಬೇಕೆಂದು ಆದೇಶಿಸಿದರು. ಕಟುಕನ ಕೂಲಿಯನ್ನು ಅದರಿಂದ ಕೊಡಬಾರದೆಂದೂ ಹೇಳಿದರು. ಹನಫಿ ವಿದ್ವಾಂಸರ ಪ್ರಕಾರ ಕುರ್ಬಾನಿಯ ಚರ್ಮವನ್ನು ಮನೆಯವರೇ ಜಾನಮಾಝ್, ಚೀಲ ಮುಂತಾಗಿ ಬಳಸಿಕೊಳ್ಳಬಹುದು, ಯಾರಿಗಾದರೂ ಕೊಡಬಹುದು. ಹಣಕ್ಕೆ ಮಾರಿದರೆ ಆ ಹಣ ಬಡವರಿಗೆ ಸೇರಬೇಕು. ಶಾಫಿಈ ಮಝ್‌ಹಬ್‌ನಲ್ಲಿ ಕುರ್ಬಾನಿ ನೀಡಿದವನು ಅದನ್ನು ಮಾರುವಂತಿಲ್ಲ, ದಾನ ಮಾಡಬಹುದು. ಎರಡು ಮಝ್‌ಹಬ್‌ಗಳಲ್ಲಿಯೂ ಸಮಾನವಾದ ಒಂದು ಅಂಶ ಗಮನಿಸಿರಿ: ತೊಗಲನ್ನು ಕಸವೆಂದು ಯಾರೂ ಎಣಿಸಿಲ್ಲ. ಅದರಲ್ಲಿ ಬಡವರ ಹಿತವಿದೆ. ಅದು ಅಮಾನತ್ತು.

ಬೆಲೆಯಿಲ್ಲವೆಂಬುದು ನಿಜ. ಆದರೆ ತೊಗಲಿಗೆ ಬೆಲೆ ಬಾರದಿರಲು ಒಂದು ಕಾರಣ ನಮ್ಮ ಕೈಯಲ್ಲೇ ಇದೆ. ಅವಸರದಲ್ಲಿ ಸುಲಿಯುವಾಗ ಚೂರಿ ತಾಗಿ ತೂತಾದ ತೊಗಲು, ಗಂಟೆಗಟ್ಟಲೆ ಬಿಸಿಲಿನಲ್ಲಿ ಬಿದ್ದ ತೊಗಲು ಯಾವ ಕಾರ್ಖಾನೆಗೂ ಬೇಡ. ಆದ್ದರಿಂದ ಸುಲಿಯಲು ಅನುಭವಸ್ಥರನ್ನೇ ಕರೆಯಿರಿ. ಸುಲಿದ ಕೂಡಲೇ ರಕ್ತ ಕೊಬ್ಬುಗಳನ್ನು ತೆಗೆದು, ನೆರಳಿನಲ್ಲಿ ಒಳಮೈ ಮೇಲಾಗಿ ಹಾಸಿರಿ. ತೊಗಲಿನ ತೂಕದ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಉಪ್ಪನ್ನು ಅಂಚು ಬಿಡದೆ ಉಜ್ಜಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿರಿ. ಹೀಗೆ ಮಾಡಿದ ತೊಗಲು ಕೆಡದೆ ದಿನಗಟ್ಟಲೆ ಇರುತ್ತದೆ. ಬಿಡಿ ಬಿಡಿ ಮನೆಗಳಿಗೆ ಬಾರದ ವ್ಯಾಪಾರಿಯು ಒಂದೇ ಕಡೆ ನೂರು ತೊಗಲು ಸಿಕ್ಕರೆ ಬರಬಹುದು. ಈ ಕೆಲಸವನ್ನು ಪ್ರತಿ ಜಮಾಅತ್ ಹಬ್ಬಕ್ಕೆ ಮುಂಚೆಯೇ ನಾಲ್ವರು ಯುವಕರಿಗೆ ವಹಿಸಲಿ. ಮಸೀದಿಯ ಬಳಿ ನೆರಳಿನ ಒಂದು ಜಾಗ, ಕೆಲವು ಚೀಲ ಹರಳುಪ್ಪು ಸಾಕು. ಕೊಳ್ಳುವವರು ಸಿಗದಿದ್ದರೆ ಕೊನೆಯ ಪಕ್ಷ ನೆಲದಲ್ಲಿ ಆಳವಾಗಿ ಹೂಳಿ, ನೆರೆಯವರಿಗೂ ಮಲಪ್ರಭೆಯ ನೀರಿಗೂ ಕೇಡಾಗದಂತೆ ನೋಡಿಕೊಳ್ಳಲಿ.

ತಮಿಳುನಾಡಿನ ವಾಣಿಯಂಬಾಡಿ, ಆಂಬೂರುಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳು ಇದೇ ತೊಗಲಿನಿಂದ ಉದ್ಯಮ ಕಟ್ಟಿದರು. ಚರ್ಮದ ವ್ಯಾಪಾರಕ್ಕೆ ಹೆಸರಾದ ಆ ವಾಣಿಯಂಬಾಡಿಯಲ್ಲಿ 1919ರಲ್ಲೇ ಇಸ್ಲಾಮಿಯಾ ಕಾಲೇಜು ತಲೆಯೆತ್ತಿತು. ಚರ್ಮವನ್ನು ಅರಿತವರ ಊರಿನಲ್ಲಿ ವಿದ್ಯೆಯೂ ಬೆಳೆಯಿತು.

ಪ್ರಾಣಿಯು ತನ್ನ ಪ್ರಾಣವನ್ನು ನಮಗೆ ಒಮ್ಮೆ ಮಾತ್ರ ಕೊಡುತ್ತದೆ. ಅದರ ಮಾಂಸ ಮೂರು ದಿನದ ಅನುಗ್ರಹ, ಹದಗೊಂಡ ಚರ್ಮ ಹತ್ತಾರು ವರ್ಷಗಳದು. ಸತ್ತ ಆಡಿನ ಬಳಿ ನಿಂತು ಪ್ರವಾದಿವರ್ಯರು(ಸ) ಕೇಳಿದ ಪ್ರಶ್ನೆ ನಮ್ಮನ್ನೂ ಕೇಳುತ್ತಿದೆ. ಅದಕ್ಕೆ ಕೊಡಬಹುದಾದ ಉತ್ತರವನ್ನು ಈ ವರ್ಷದ ಹಬ್ಬಕ್ಕೆ ಮೊದಲೇ ಸಿದ್ಧಗೊಳಿಸಿಕೊಳ್ಳೋಣ. ಅಲ್ಲಾಹನು ತನ್ನ ಅನುಗ್ರಹಗಳನ್ನು ಅರಿತು, ಅವನ್ನು ಪೋಲು ಮಾಡದೆ, ಹಕ್ಕುಳ್ಳವರಿಗೆ ತಲುಪಿಸುವ ಸದ್ಬುದ್ಧಿಯನ್ನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.